ಕೆಂಪು ರಿಬ್ಬನ್ನಿನ ಹಿಂದಿನ ಬಾಗಿಲು

ಆ ದಿನ ಮುಂಬುವಾ ಟೀಚರ ಕೈ ಒಂದು ಚಣ ತಡವಾಗಿದ್ದರೆ, ಕಮೇನೆ ಎಂಬ ನಾಲ್ಕು ವರ್ಷದ ಹುಡುಗಿ ಕಕ್ಕಸಿನ ಗುಂಡಿಯ ಪಾಲಾಗುತ್ತಿದ್ದಳು. ಕ್ಯಮುಲಿ ಪ್ರಾಥಮಿಕ ಶಾಲೆಯ ಆ ಕಕ್ಕಸನ್ನು ತೋಡಿದ್ದು ಮೀಸೆ ಮೂಡುವ ವಯಸ್ಸಿನ ಹುಡುಗರಿಗಾಗಿ. ಹಲಗೆಗಳ ನಡುವಿನ ತೂತು ಕತ್ತೆಮರಿಯೊಂದು ಆರಾಮವಾಗಿ ಇಳಿದುಹೋಗುವಷ್ಟು ಅಗಲ. ಅದಕ್ಕೇ ಮುಂಬುವಾ ತನ್ನ ನರ್ಸರಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದೊಯ್ದು, ಎರಡೂ ಕೈ ಹಿಡಿದು ಕೂರಿಸಿ, ತಾನು ಬಾಗಿಲಲ್ಲಿ ಮೂಗು ಮುಚ್ಚದೆ ಬಗ್ಗಿ ನಿಲ್ಲುತ್ತಿದ್ದಳು. ಮೂಗು ಮುಚ್ಚಲು ಮೂರನೆಯ ಕೈ ಬೇಕಿತ್ತು.

ಅವಳು ಒಬ್ಬ ಹುಡುಗನ ಚಡ್ಡಿಯ ಲಾಡಿ ಕಟ್ಟುತ್ತಿದ್ದಾಗ, ಸಾಲಿನಲ್ಲಿ ನಿಂತಿದ್ದ ಕಮೇನೆಗೆ ತಡೆಯಲಾಗಲಿಲ್ಲ. ಒಬ್ಬಳೇ ಒಳಗೆ ನುಗ್ಗಿದಳು. ಹಲಗೆ ಒದ್ದೆಯಾಗಿತ್ತು. ಕಿರುಚಲೂ ಸಮಯವಿರಲಿಲ್ಲ, ಒಂದು ಕಾಲು ಜಾರಿ, ಇನ್ನೊಂದು ಕಾಲೂ ಅದರ ಹಿಂದೆ ಹೊರಟಿತು. ಮುಂಬುವಾ ಹೇಗೆ ತಿರುಗಿದಳೋ ಅವಳಿಗೇ ತಿಳಿಯದು. ಹುಡುಗಿಯ ಹಸಿರು ಸ್ವೆಟರಿನ ಕತ್ತಿನ ಪಟ್ಟಿ ಅವಳ ಮುಷ್ಟಿಯಲ್ಲಿತ್ತು, ಅವಳ ಉಳಿದ ಮೈಯೆಲ್ಲ ಗುಂಡಿಯಲ್ಲಿ ನೇತಾಡುತ್ತಿತ್ತು. ಎಳೆದುಕೊಂಡು ಹೊರಗೆ ಬಂದು ಮಣ್ಣಿನ ಮೇಲೆ ಕೂತಳು. ಕಮೇನೆ ಮಾತ್ರ, "ಟೀಚರ್, ನನ್ನ ಚಪ್ಪಲಿ ಕೆಳಗೆ ಹೋಯ್ತು, ಅಮ್ಮ ಬೈತಾಳೆ" ಎಂದು ಅಳುತ್ತಿದ್ದಳು.

ಮುಂಬುವಾ ಕೂತಲ್ಲಿಂದ ಎದುರಿಗೇ ಕಾಣುತ್ತಿತ್ತು ಹೊಸ ನರ್ಸರಿ ಕಟ್ಟಡ. ಹಳದಿ ಗೋಡೆ, ನೀಲಿ ಬಾಗಿಲು. ಕಿಟಕಿಗೆ ಹಣೆ ಒತ್ತಿ ನೋಡಿದರೆ ಒಳಗೆ ಪುಟ್ಟ ಪುಟ್ಟ ಕುರ್ಚಿಗಳು ಒಂದರ ಮೇಲೊಂದು ಕೂತು ಧೂಳು ತಿನ್ನುತ್ತಿದ್ದವು. ಜಗಲಿಯ ಕೊನೆಯಲ್ಲಿ ಮಕ್ಕಳ ಅಳತೆಗೆ ಕಟ್ಟಿದ ಎರಡು ಕಕ್ಕಸು, ಅದರ ತೂತು ಒಂದು ಗೇಣೂ ಇಲ್ಲ. ಪಕ್ಕದಲ್ಲಿ ಹೋದ ಮಳೆಗಾಲದ ನೀರು ತುಂಬಿಕೊಂಡ ಕಪ್ಪು ಟ್ಯಾಂಕು. ಎಲ್ಲವೂ ಸಿದ್ಧವಾಗಿ ಒಂದು ಮಳೆ ಕಳೆದು ಇನ್ನೊಂದು ಮಳೆ ಹತ್ತಿರ ಬರುತ್ತಿತ್ತು. ಆದರೆ ಜಗಲಿಯ ಎರಡು ಕಂಬಗಳ ನಡುವೆ, ಕಟ್ಟಡದ ಎದೆಗೆ ಅಡ್ಡಲಾಗಿ, ಒಂದು ಕೆಂಪು ರಿಬ್ಬನ್ ಕಟ್ಟಿತ್ತು.

ಕೌಂಟಿಯ, ಎಂದರೆ ಜಿಲ್ಲಾ ಸರ್ಕಾರದ, ಶಿಕ್ಷಣ ಮಂತ್ರಿಗಳು ಬಂದು ಅದನ್ನು ಕತ್ತರಿಸಬೇಕು. ಮೊದಲ ಸಲ ಅವರಿಗೆ ಯಾರದೋ ಸಾವಿನ ಮನೆಗೆ ಹೋಗಬೇಕಾಯಿತು. ಎರಡನೆಯ ಸಲ ಹೊಳೆ ಬಂದು ದಾರಿ ಕಟ್ಟಿತು. ಮೂರನೆಯ ಸಲ ಯಾವ ನೆಪವೂ ಇರಲಿಲ್ಲ, ಸುಮ್ಮನೆ ಬರಲಿಲ್ಲ. ಪ್ರತಿ ಸಲವೂ ಶಾಮಿಯಾನ ಹಾಕಿ, ಹುಡುಗಿಯರು ಕುಣಿತ ಕಲಿತು, ಸಂಜೆ ಎಲ್ಲರೂ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಹೋಗಿದ್ದರು. ಹೆಸರು ಕೆತ್ತಿದ ಕಲ್ಲಿನ ಮೇಲೆ ಹೊದಿಸಿದ್ದ ಪರದೆಯ ಹಿಂದೆ ಈಗ ಕಣಜಗಳು ಗೂಡು ಕಟ್ಟಿ, ಯಾರ ಅಪ್ಪಣೆಗೂ ಕಾಯದೆ ಗೃಹಪ್ರವೇಶ ಮಾಡಿಕೊಂಡಿದ್ದವು.

ಅಲ್ಲಿಯವರೆಗೆ ನರ್ಸರಿ ಮಕ್ಕಳಿಗೆ ದೊಡ್ಡ ಶಾಲೆಯ ತುದಿಯ ಕೋಣೆ. ಎಂಟನೆಯ ತರಗತಿಯವರು ಕಾಲು ಮುರಿದು ಬಿಸಾಕಿದ ಬೆಂಚು. ಅದರಲ್ಲಿ ಕೂತರೆ ಮಕ್ಕಳ ಗಲ್ಲ ಮೇಜಿಗೆ ತಾಗುತ್ತಿತ್ತು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಕಮೇನೆಯ ಅಜ್ಜಿ ವಾಯುವಾ ಅದೇ ಶಾಲೆಯಲ್ಲಿ ಗಂಜಿ ಕಾಯಿಸುವವಳು. ಬರಗಾಲದ ವರ್ಷ ಹುಟ್ಟಿದವಳೆಂದು ಆ ಹೆಸರು. ಬರದಲ್ಲಿ ಹುಟ್ಟಿದವಳ ಕೈಯಲ್ಲೇ ಊರ ಮಕ್ಕಳ ಗಂಜಿಯ ಸೌಟು. ಸುದ್ದಿ ಕೇಳಿದವಳು ಕೂಗಾಡಲಿಲ್ಲ. ಮೊಮ್ಮಗಳನ್ನು ಕಲ್ಲಿನ ಮೇಲೆ ನಿಲ್ಲಿಸಿ ಕಾಲು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

"ಇಬ್ಬರು ಹೋದ ಮೇಲೆ ಹುಟ್ಟಿದ್ದು ಇದು" ಎಂದಳು ಕೊನೆಗೆ. "ಕಮೇನೆ ಅಂತ, ಬೇಡದವಳು ಅಂತ ಹೆಸರಿಟ್ಟಿದ್ದೇ ಸಾವಿನ ಕಣ್ಣು ಬೀಳದೆ ಇರ್ಲಿ ಅಂತ. ಸಾವು ಬಿಟ್ರೂ ನಿಮ್ ಸ್ಕೂಲು ಬಿಡಲ್ಲ ಅನ್ಸತ್ತೆ. ನಾಳೆಯಿಂದ ಇವಳು ನನ್ನ ಒಲೆ ಹತ್ರ ಕೂತಿರ್ತಾಳೆ. ಕ್ಲಾಸೂ ಬೇಡ, ಕಕ್ಕಸೂ ಬೇಡ."

"ಅಜ್ಜಿ, ನೀನೇ ಹಿಂಗಂದ್ರೆ ಬೇರೆಯವರು ಕಳಿಸ್ತಾರಾ?" ಎಂದಳು ಮುಂಬುವಾ.

"ಕಳಿಸ್ಬಾರ್ದು. ನಿನ್ನ ಮೇಲೆ ಸಿಟ್ಟಲ್ಲ ಕಣೇ. ನಿನಗಿರೋದು ಎರಡೇ ಕೈ."

ಮುದುಕಿ ಅಂದಂತೆಯೇ ಆಯಿತು. ಸುದ್ದಿ ಬಾವಿಯಿಂದ ಬಾವಿಗೆ ಹರಡಿತು. ಮರುದಿನ ಅರ್ಧ ಬೆಂಚು ಖಾಲಿ, ಅದರ ಮರುದಿನ ಇನ್ನೂ ಖಾಲಿ. ಮುಂಬುವಾಳಿಗೆ ಅನ್ನ ಸೇರಲಿಲ್ಲ. ಮಕ್ಕಳು ಕಡಿಮೆಯಾದರೆ ಈ ಶಾಲಾ ಅವಧಿ ಮುಗಿಯುತ್ತಲೇ ಈ ತರಗತಿಯನ್ನು ಮುಚ್ಚಿ, ಹೊಳೆಯಾಚೆಯ ನರ್ಸರಿಗೆ ಸೇರಿಸುತ್ತೇವೆಂದು ಕೌಂಟಿಯ ಮೇಲ್ವಿಚಾರಕಿ ಮೊದಲೇ ಹೇಳಿದ್ದಳು. ಆ ಹೊಳೆಯಲ್ಲಿ ಬೇಸಿಗೆಯಲ್ಲಿ ಮರಳು, ಮಳೆ ಬಂತೆಂದರೆ ಗೋಡೆಯಂತೆ ಬರುವ ಕೆಂಪು ನೀರು. ನಾಲ್ಕು ವರ್ಷದ ಮಗು ಅದನ್ನು ದಾಟಲಾರದು, ಯಾವ ತಾಯಿಯೂ ದಾಟಲು ಬಿಡಳು. ತರಗತಿ ಮುಚ್ಚಿತೆಂದರೆ ಕ್ಯಮುಲಿಯ ಚಿಕ್ಕ ಮಕ್ಕಳಿಗೆ ಶಾಲೆಯೇ ಇಲ್ಲ. ಮೂರು ಮಕ್ಕಳಿಂದ ಶುರುಮಾಡಿ, ಮನೆ ಮನೆ ಬಾಗಿಲು ತಟ್ಟಿ, ಮಡಿಲಲ್ಲಿ ಮೂಗು ಒರೆಸಿ ಬೆಳೆಸಿದ ತರಗತಿ ತನ್ನ ಕಣ್ಣೆದುರೇ ಕರಗುವುದನ್ನು ಅವಳಿಗೆ ನೋಡಲಾಗಲಿಲ್ಲ.

ಹೆಡ್‌ಮಾಸ್ಟರ್ ಕ್ಯಾಲೋ ಅವರ ಬಳಿ ಹೋದಳು. ಕ್ಯಾಲೋ ಕೆಟ್ಟವರಲ್ಲ, ಯಾರಿಗೂ ಬೇಡ ಎನ್ನಲಾರದ, ಹಾಗೆಂದು ಹೂಂ ಎನ್ನಲೂ ಆಗದ ಮನುಷ್ಯ. ಹೊಸ ಕಟ್ಟಡದ ಬೀಗದ ಕೈ ಅವರ ಮೇಜಿನ ಮೇಲೇ ಇತ್ತು.

"ಕಟ್ಟಡ ಕೌಂಟಿಯದು ಟೀಚರ್. ನಾನು ದೊಡ್ಡ ಶಾಲೆಯವನು, ನೈರೋಬಿಯ ದೊಡ್ಡ ಸರ್ಕಾರಕ್ಕೆ ಲೆಕ್ಕ ಕೊಡೋನು. ನಿಮ್ಮ ಕೌಂಟಿಯವರನ್ನೇ ಕೇಳ್ಬೇಕಪ್ಪ."

"ಬೀಗದ ಕೈ ನಿಮ್ಮತ್ರ ಇದೆಯಲ್ಲ ಸರ್."

"ಇಟ್ಕೊಂಡಿದೀನಿ ಅಷ್ಟೆ. ನನ್ನದಲ್ಲ" ಎಂದು ಅವರು ಅದನ್ನು ಬೆರಳ ತುದಿಯಿಂದ ಬಿಸಿ ಪಾತ್ರೆಯನ್ನು ಸರಿಸುವಂತೆ ಸರಿಸಿದರು.

ಮೇಲ್ವಿಚಾರಕಿಗೆ ಫೋನು ಮಾಡಿದಳು. "ಕಟ್ಟಿ ಮುಗಿಸಿ ಶಾಲೆಗೆ ಒಪ್ಪಿಸಾಯ್ತಲ್ಲ ಮುಂಬುವಾ. ಇನ್ನು ಅದು ಶಾಲಾ ಮಂಡಳಿಗೆ ಬಿಟ್ಟದ್ದು. ಅಧ್ಯಕ್ಷರನ್ನ ಕೇಳು" ಎಂದಳು ಆಕೆ.

ಕಟ್ಟಡ ಕೌಂಟಿಯದು, ನೆಲ ಶಾಲೆಯದು. ಮುಂಬುವಾಳ ಸಂಬಳ ಕೌಂಟಿಯದು, ಅವಳ ಕೈಯಲ್ಲಿನ ಸೀಮೆಸುಣ್ಣ ಶಾಲೆಯದು. ಗಂಜಿಯ ಹಿಟ್ಟು ತಾಯಂದಿರದು, ಹಿಟ್ಟಿಟ್ಟ ಕೋಣೆಯ ಬೀಗ ಹೆಡ್‌ಮಾಸ್ಟರದು. ಇದೆಲ್ಲ ಯಾರದೆಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತಿತ್ತು. ಮಕ್ಕಳು ಯಾರವರೆಂದು ಕೇಳಿದರೆ ಮಾತ್ರ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿದ್ದರು.

ಬುಧವಾರ ಮಂಡಳಿಯ ಸಭೆ. ಅಕೇಶಿಯಾ ಮರದ ಕೆಳಗೆ ಕುರ್ಚಿ ಹಾಕಿ ಹಿರಿಯರು ಕೂತರು, ನಡುವೆ ಅಧ್ಯಕ್ಷ ಮುನ್ಯಾವೋ, ಊರವರ ಬಾಯಲ್ಲಿ ಮ್ಝೇ, ಎಂದರೆ ಹಿರಿಯರು. ಎತ್ತರದ ಆಳು, ತಲೆಯ ಮೇಲೆ ಎಂದೂ ತೆಗೆಯದ ಟೊಪ್ಪಿ, ಊರಿನಲ್ಲೇ ದೊಡ್ಡ ಮೇಕೆ ಹಿಂಡಿನ ಒಡೆಯ. ಈ ನರ್ಸರಿ ಕಟ್ಟಡ ತರಲು ಕೌಂಟಿ ಕಚೇರಿಯ ಮೆಟ್ಟಿಲು ಹತ್ತಿಳಿದು ಚಪ್ಪಲಿ ಸವೆಸಿದವರು ಅವರೇ. ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ, ಅವರು ಯಾರಿಗೂ ಮರೆಯಲು ಬಿಡುತ್ತಲೂ ಇರಲಿಲ್ಲ.

ಮಂಡಳಿಯಲ್ಲಿ ನರ್ಸರಿ ಟೀಚರಿಗೆ ಕುರ್ಚಿ ಇಲ್ಲ. ಮಂಡಳಿ ದೊಡ್ಡ ಶಾಲೆಯದು, ಅವಳು ಕೌಂಟಿಯವಳು. ಆದರೆ ಚಹಾ ಮಾತ್ರ ಅವಳೇ ತರಬೇಕು. ಚಿಕ್ಕ ಮಕ್ಕಳು ಬೇಗ ಮನೆಗೆ ಹೋಗುತ್ತಾರೆ, ನರ್ಸರಿಯವಳಿಗೆ ಬಿಡುವು ಎಂದು ಯಾವ ಕಾಲದಲ್ಲೋ ಯಾರೋ ಹೇಳಿದ್ದು ಹಾಗೇ ನಡೆದುಕೊಂಡು ಬಂದಿತ್ತು.

ಆ ದಿನ ಮೊದಲ ವಿಷಯ ಮೇಕೆಗಳದು. ಶಾಲೆಯ ಬೇಲಿಯೊಳಗೆ ಮೇಕೆ ನುಗ್ಗಿ ಏನಾದರೂ ತಿಂದರೆ, ಅದರ ಒಡೆಯ ಒಂದು ಮೇಕೆಯನ್ನು ಶಾಲೆಯ ಪಾತ್ರೆಗೆ ಕೊಡಬೇಕು ಎಂಬ ಕಟ್ಟಳೆಯನ್ನು ಮುನ್ಯಾವೋ ಅವರೇ ತಂದಿದ್ದರು. ಆಗಲೇ ಕೆಲವರು ಕೊಟ್ಟೂ ಇದ್ದರು. "ಬಡವ ಶ್ರೀಮಂತ ಅಂತ ನೋಡಲ್ಲ. ನನ್ನ ತಮ್ಮನ ಮೇಕೆ ಆದ್ರೂ ಅಷ್ಟೆ" ಎಂದು ಅವರು ಮತ್ತೊಮ್ಮೆ ಸಾರಿದರು.

ಮುಂಬುವಾ ಲೋಟಗಳನ್ನು ಹಂಚಿ, ತಟ್ಟೆಯನ್ನು ಎದೆಗವಚಿಕೊಂಡು ಅಲ್ಲೇ ನಿಂತಳು.

"ಏನಮ್ಮ? ಸಕ್ಕರೆ ಮರೆತ್ಯಾ?" ಎಂದರು ಮುನ್ಯಾವೋ.

"ಇಲ್ಲ ಮ್ಝೇ. ಒಂದು ಮಾತು ಇತ್ತು. ಮಂತ್ರಿಗಳು ಬರೋತನಕ ಆ ಚಿಕ್ಕ ಕಕ್ಕಸು ಮಾತ್ರ ತೆಗೆಸಿಕೊಡಿ. ಕೋಣೆ ಬೇಡ, ಕುರ್ಚಿ ಬೇಡ. ನಾನು ಮಕ್ಕಳನ್ನ ರಿಬ್ಬನ್ ಕೆಳಗೆ ಬಗ್ಗಿಸಿ ಕರ್ಕೊಂಡು ಹೋಗ್ತೀನಿ."

"ರಿಬ್ಬನ್ ಕೆಳಗೆ ನುಸುಳೋದಾ?" ಮುನ್ಯಾವೋ ಲೋಟ ಕೆಳಗಿಟ್ಟರು. "ಅದಕ್ಕಿಂತ ಕತ್ತರಿಸೋದೇ ಮೇಲು. ನೋಡಮ್ಮ, ನಾನು ಮಂತ್ರಿಗೆ ಮಾತು ಕೊಟ್ಟಿದೀನಿ. ನಿಮ್ಮ ಕತ್ತರಿ ಬೀಳೋತನಕ ಊರಿನ ಒಂದು ನರಪಿಳ್ಳೇನೂ ಆ ಜಗಲಿ ಹತ್ತಲ್ಲ ಅಂತ. ನಾಳೆ ಅವರಿಗೆ ಗೊತ್ತಾದ್ರೆ ದೊಡ್ಡ ಶಾಲೆಗೆ ಬೋರ್‌ವೆಲ್ ಕೊಡ್ತೀನಿ ಅಂದಿದಾರಲ್ಲ, ಅದು ಬರತ್ತಾ?"

"ಮ್ಝೇ, ಮೊನ್ನೆ ಕಮೇನೆ..."

"ಕೇಳಿದೆ, ಕೇಳಿದೆ. ದೇವರು ದೊಡ್ಡವನು, ನಿನ್ನ ಕೈ ದೊಡ್ಡದು. ನಾವೆಲ್ಲ ಪೊದೆ ಹಿಂದೆ ಕೂತೇ ದೊಡ್ಡವರಾಗ್ಲಿಲ್ವಾ?"

ಒಬ್ಬಿಬ್ಬರು ನಕ್ಕರು. ಮುಂಬುವಾ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮುನ್ಯಾವೋ ಟೊಪ್ಪಿ ಸರಿಪಡಿಸಿಕೊಂಡು, "ಪ್ರಾರ್ಥನೆ ಮಾಡೋಣ" ಎಂದುಬಿಟ್ಟರು. ಮುಕ್ತಾಯದ ಪ್ರಾರ್ಥನೆ ಶುರುವಾಯಿತೆಂದರೆ ಸಭೆಯ ಕತೆ ಮುಗಿಯಿತು. ದೇವರ ನಂತರ ಮಾತೆತ್ತುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇಲ್ಲ. ಎಲ್ಲರೂ ಕಣ್ಣು ಮುಚ್ಚಿದರು. ಮುಂಬುವಾ ಮುಚ್ಚಲಿಲ್ಲ. ಮುಚ್ಚಿದರೆ ನೀರು ಇಳಿದುಬಿಡುತ್ತದೆಂದು ಅವಳಿಗೆ ಗೊತ್ತಿತ್ತು.

ಹೊರಡುವಾಗ ಮುನ್ಯಾವೋ ತಿರುಗಿ, "ಆ ರಿಬ್ಬನ್ ಧೂಳು ಹಿಡಿದಿದೆ ಕಣಮ್ಮ. ಒರೆಸು. ಮಂತ್ರಿಗಳು ಯಾವತ್ತು ಬರ್ತಾರೋ ಏನೋ" ಎಂದರು. ಅದನ್ನು ಒರೆಸುವುದೂ ಅವಳ ಕೆಲಸವೇ ಆಗಿತ್ತು. ಆ ಜಗಲಿ ಹತ್ತಲು ಊರಿನಲ್ಲಿ ಯಾರಿಗೂ ಹಕ್ಕಿಲ್ಲ, ಧೂಳು ಒರೆಸುವವಳಿಗೆ ಮಾತ್ರ ಉಂಟು.

ಲೋಟ ತೊಳೆಯಲು ಅಡುಗೆ ಗುಡಿಸಲಿಗೆ ಬಂದಾಗ ವಾಯುವಾ ತನ್ನ ಲೇಸೋ ಬಟ್ಟೆಯನ್ನು ಎತ್ತಿ ಹಿಡಿದು ಬೈಯುತ್ತಿದ್ದಳು. ಒಲೆ ಮುಂದೆ ಬೆವರಿ ಬೆವರಿ ಸೊಂಟದಿಂದ ಬಿಚ್ಚಿ ಪೊದೆಯ ಮೇಲೆ ಹರವಿದ್ದಳು. ಅದರ ಒಂದು ಮೂಲೆಯೇ ಇರಲಿಲ್ಲ.

"ಮೇಕೆ ತಿಂತು. ಹೂವಿನ ಚಿತ್ರ ಇದ್ದ ಕಡೆ ಬಿಟ್ಟು ಬೆವರಿದ್ದ ಕಡೆಯೇ ತಿಂದಿದೆ ನೋಡು, ಹಾಳಾದ್ದು."

"ಬೆವರು ತಿನ್ನತ್ತಾ?"

"ಉಪ್ಪು ಕಣೇ. ಈ ಒಣಗಾಲದಲ್ಲಿ ಎಲೆಯಲ್ಲಿ ಏನಿದೆ ಸತ್ವ? ಉಪ್ಪಿನ ವಾಸನೆ ಬಡಿದ್ರೆ ಮೇಕೆ ಬೇಲೀನೂ ಕೇಳಲ್ಲ, ಮಂಡಳೀನೂ ಕೇಳಲ್ಲ." ಮುದುಕಿ ಹರಿದ ಬಟ್ಟೆಯನ್ನೇ ಮತ್ತೆ ಸುತ್ತಿಕೊಂಡಳು. "ಏನಂದ್ರು ನಿನ್ನ ಹಿರಿಯರು?"

"ಪ್ರಾರ್ಥನೆ ಮಾಡಿದ್ರು."

"ಮಾಡ್ತಾರೆ, ಮಾಡ್ತಾರೆ. ಗುಂಡಿಗೆ ಬಿದ್ದಿದ್ರೂ ಮಾಡೋರು."

ವಾಯುವಾ ಮೊಮ್ಮಗಳ ಕೈ ಹಿಡಿದು ಮನೆಗೆ ಹೋದ ಮೇಲೂ ಮುಂಬುವಾ ಅಲ್ಲೇ ಕೂತಿದ್ದಳು. ಗಂಜಿಯ ಪಾತ್ರೆಯ ಪಕ್ಕದಲ್ಲಿ ಉಪ್ಪಿನ ಪೊಟ್ಟಣವಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ಬಾಗಿಲಿನಾಚೆ ಸಂಜೆ ಬಿಸಿಲಿನಲ್ಲಿ ಹೊಳೆಯುತ್ತಿದ್ದ ರಿಬ್ಬನ್ ನೋಡಿದಳು. ಇದು ಎಂಥ ಹುಚ್ಚು ಯೋಚನೆ ಎಂದು ತನ್ನನ್ನೇ ಬೈದುಕೊಂಡು ಎದ್ದಳು, ಪೊಟ್ಟಣ ಕೈಯಲ್ಲೇ ಇತ್ತು.

ಮಕ್ಕಳ ಗಂಜಿ ಲೋಟದಲ್ಲಿ ನೀರಿಗೆ ಉಪ್ಪು ಕಲಸಿದಳು. ಧೂಳು ಒರೆಸುವ ಬಟ್ಟೆಯನ್ನು ಅದರಲ್ಲಿ ಅದ್ದಿ, ಈ ಕಂಬದಿಂದ ಆ ಕಂಬದವರೆಗೆ ರಿಬ್ಬನ್ನನ್ನು ಒರೆಸಿದಳು. ಒಣಗಿದ ಮೇಲೆ ಇನ್ನೊಮ್ಮೆ. ಗಂಟುಗಳಿಗೆ ಚೆನ್ನಾಗಿ ಹಿಂಡಿದಳು. ಒಳಗೆ ಏನೋ ಒಂದು ಹಟ ಬೆಚ್ಚಗೆ ಕೂತಿತ್ತು. ಯಾರಾದರೂ ನೋಡಿದರೆ ಅಧ್ಯಕ್ಷರು ಹೇಳಿದ ಕೆಲಸ ಮಾಡುತ್ತಿದ್ದೇನೆ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಮನೆಗೆ ಹೊರಡುವಾಗ ಬೇಲಿಯ ಕಂಡಿಗೆ ಅಡ್ಡಲಾಗಿ ಇಡುವ ಮುಳ್ಳಿನ ಕೊಂಬೆಯನ್ನು ಇಡಬೇಕಾದಲ್ಲಿ ಇಡದೆ, ಸ್ವಲ್ಪ ಪಕ್ಕಕ್ಕೆ ಇಟ್ಟಳು. ಯಾರ ಮೇಕೆ ಬಂದೀತು ಎಂಬ ಯೋಚನೆ ಅವಳಿಗೆ ಹೊಳೆಯಲೇ ಇಲ್ಲ.

ಹೊಳೆದಿದ್ದರೆ ಉತ್ತರ ಕಷ್ಟವೇನಾಗಿರಲಿಲ್ಲ. ಶಾಲೆಯ ಬೇಲಿಗೆ ಅಂಟಿದ್ದ ಮನೆ ಯಾರದು, ಬೆಳಗಾಗುತ್ತಲೇ ಎಲ್ಲರಿಗಿಂತ ಮೊದಲು ಹೊಳೆಯ ಮರಳುಬಾವಿಗೆ ಇಳಿಯುವ ಹಿಂಡು ಯಾರದು ಎಂದು ಊರಿನ ನಾಯಿಗೂ ಗೊತ್ತಿತ್ತು.

ಬೆಳಿಗ್ಗೆ ಮುಂಬುವಾ ಶಾಲೆ ಮುಟ್ಟುವಾಗ ಗಂಟೆ ಬಾರಿಸುವವನು ಗಂಟೆ ಮರೆತು ನಿಂತಿದ್ದ. ಮಕ್ಕಳೆಲ್ಲ ಹೊಸ ಕಟ್ಟಡದ ಮುಂದೆ ಗುಂಪುಗೂಡಿದ್ದರು. ಜಗಲಿಯ ಮೇಲೆ, ಮಂತ್ರಿಗಳು ನಿಲ್ಲಬೇಕಾದ ಜಾಗದಲ್ಲೇ, ಕರಿಗಡ್ಡದ ಒಂದು ದೊಡ್ಡ ಹೋತ ನಿಂತು ನಿಧಾನವಾಗಿ ಮೆಲುಕು ಹಾಕುತ್ತಿತ್ತು. ಅದರ ಬಾಯಿಯ ಅಂಚಿನಿಂದ ಗೇಣುದ್ದದ ಕೆಂಪು ರಿಬ್ಬನ್ ಇಳಿಬಿದ್ದು, ಮೆಲುಕಿಗೆ ಸರಿಯಾಗಿ ಒಳಕ್ಕೆ ಸರಿಯುತ್ತಿತ್ತು. ಎಡಗಂಬದಲ್ಲಿ ಏನೂ ಉಳಿದಿರಲಿಲ್ಲ. ಬಲಗಂಬದಲ್ಲಿ ಒಂದು ಗಂಟು, ಬೆರಳುದ್ದದ ಒಂದು ಚೂರು.

ಹೆಡ್‌ಮಾಸ್ಟರ್ ಕ್ಯಾಲೋ ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ನನ್ನ ಕೆಲಸ ಹೋಯ್ತು. ಯಾರ ಮೇಕೆ ಇದು? ಯಾರದು?"

ಆ ಹೋತವನ್ನು ಗುರುತಿಸದವರು ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ಹಿಂದಿನಿಂದ ವಾಯುವಾಳ ದನಿ ಬಂತು: "ಅಧ್ಯಕ್ಷರದು ಸರ್. ಕಟ್ಟಳೆ ಓದಿಲ್ಲ ಅನ್ಸತ್ತೆ ಅದು."

ಮುನ್ಯಾವೋ ಅವರನ್ನು ಕರೆಸುವ ಮೊದಲೇ ಅವರು ಹೋತ ಹುಡುಕಿಕೊಂಡು ಬೇಲಿಯ ಕಂಡಿಯಲ್ಲಿ ಕಾಣಿಸಿಕೊಂಡರು. ಗುಂಪು ದಾರಿ ಬಿಟ್ಟಿತು. ಅವರು ಹೋತವನ್ನು ನೋಡಿದರು, ಹೋತ ಅವರನ್ನು ನೋಡಿ ಕೊನೆಯ ತುಂಡನ್ನೂ ನುಂಗಿತು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಆಮೇಲೆ, ಆಶ್ಚರ್ಯವೆಂದರೆ, ಅವರು ಹೋತವನ್ನು ಬಿಟ್ಟು ಬಲಗಂಬದ ಹತ್ತಿರ ಹೋದರು. ಹುಟ್ಟಿದಾಗಿನಿಂದ ಮೇಕೆಗಳ ನಡುವೆ ಬದುಕಿದ ಮನುಷ್ಯ. ಹಸಿರು ಚಿಗುರನ್ನು ಬಿಟ್ಟು ಮೇಕೆ ಬಟ್ಟೆಗೆ ಯಾಕೆ ಬಾಯಿ ಹಾಕುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಂಟಿನಲ್ಲಿ ಉಳಿದ ಚೂರನ್ನು ಕಿತ್ತು, ನಾಲಗೆಗೆ ತಾಗಿಸಿದರು.

ಮುನ್ಯಾವೋ ಚೂರನ್ನು ಬಾಯಿಂದ ತೆಗೆದು ಬೇಲಿಯ ಕಡೆ ನೋಡಿದರು. ಪಕ್ಕಕ್ಕೆ ಸರಿದ ಮುಳ್ಳಿನ ಕೊಂಬೆ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಮೆಲ್ಲಗೆ ತಲೆ ತಿರುಗಿಸಿ ಮುಂಬುವಾಳನ್ನು ನೋಡಿದರು. ಅವಳು ಕಣ್ಣು ತಗ್ಗಿಸಬೇಕೆಂದಿದ್ದಳು, ಆಗಲಿಲ್ಲ. ಆಯಿತು, ಇನ್ನು ವರ್ಗ, ಇಲ್ಲವೇ ಮನೆಗೆ, ಎಂದುಕೊಂಡಳು. ಬದುಕಿನಲ್ಲಿ ಮೊದಲ ಸಲ ಆ ಮುದುಕನ ಕಣ್ಣನ್ನು ಅಷ್ಟು ಹೊತ್ತು ನೇರವಾಗಿ ನೋಡಿದ್ದಳು.

"ಪೇಟೆಯಿಂದ ಇನ್ನೊಂದು ರಿಬ್ಬನ್ ತರಿಸ್ತೀನಿ ಮ್ಝೇ" ಎಂದು ಕ್ಯಾಲೋ ಓಡಿ ಬಂದರು. "ಮಧ್ಯಾಹ್ನದೊಳಗೆ ಕಟ್ಟಿಬಿಟ್ರೆ ಯಾರಿಗೂ ಗೊತ್ತಾಗಲ್ಲ."

"ಸುಮ್ನಿರಯ್ಯ" ಎಂದರು ಮುನ್ಯಾವೋ. ಚೂರನ್ನು ಕೋಟಿನ ಜೇಬಿಗೆ ಹಾಕಿಕೊಂಡು ಫೋನು ತೆಗೆದರು. "ಕದ್ದು ಮುಚ್ಚಿ ಬದುಕೋ ವಯಸ್ಸಲ್ಲ ನಂದು. ತಪ್ಪಾಗಿದೆ, ನನ್ನ ಮೇಕೆಯಿಂದಲೇ ಆಗಿದೆ. ನಾನೇ ಹೇಳ್ತೀನಿ."

ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಫೋನನ್ನು ಜೋರಾಗಿ ಇಟ್ಟು ಮಾತಾಡುವವರು. ಮಂತ್ರಿಯ ಆಪ್ತ ಸಹಾಯಕನ ದನಿ ಇಡೀ ಅಂಗಳಕ್ಕೆ ಕೇಳಿಸಿತು.

"ಕ್ಯಮುಲಿ? ಯಾವ ಕ್ಯಮುಲಿ?"

"ನರ್ಸರಿ ಕಟ್ಟಡ ಸ್ವಾಮಿ. ಮಂತ್ರಿಗಳು ಉದ್ಘಾಟನೆ ಮಾಡ್ಬೇಕಿತ್ತು. ರಿಬ್ಬನ್ನು..."

"ಓ, ಅದಾ. ಅದು ಇನ್ನೂ ತೆರೆದಿಲ್ವಾ? ಹೋದ ಮಳೆಗಾಲದಲ್ಲೇ ತೆರೆದಾಯ್ತು ಅಂತ ನಾವು ಅಂದ್ಕೊಂಡಿದ್ವಲ್ಲ ಮ್ಝೇ. ಇಷ್ಟು ದಿನ ಮಕ್ಕಳು ಎಲ್ಲಿ ಕೂರ್ತಿದ್ರು?"

ಫೋನು ಅದರ ಪಾಡಿಗೆ ಹಲೋ ಹಲೋ ಎನ್ನುತ್ತಿತ್ತು. ಮುನ್ಯಾವೋ ಎಂದೂ ತೆಗೆಯದ ಟೊಪ್ಪಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ತಾನು ಕೊಟ್ಟ ಮಾತನ್ನು ಆಚೆ ತುದಿಯಲ್ಲಿ ಯಾರೂ ಇಟ್ಟುಕೊಂಡೇ ಇರಲಿಲ್ಲ. ಈ ಮಾತಿಗಾಗಿ ತಾನು ಕಾವಲು ಕೂತಿದ್ದಾಗ ಒಂದು ಮಗು ಗುಂಡಿಯ ಅಂಚಿನಲ್ಲಿ ನೇತಾಡಿತ್ತು. ಮುದುಕನಿಗೆ ಅದು ಎದೆಗೆ ನಾಟಿತೆಂದು ಮುಂಬುವಾಳಿಗೆ ಅವರ ಬೋಳುತಲೆ ನೋಡಿಯೇ ಗೊತ್ತಾಯಿತು. ಅವಳಿಗೆ ಅವರ ಮೇಲಿದ್ದ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

"ಕ್ಯಾಲೋ, ಬೀಗ ತೆಗಿ" ಎಂದರು ಅವರು.

"ಮ್ಝೇ, ಬರಹದಲ್ಲಿ ಅಪ್ಪಣೆ..."

"ಹೋತ ಉದ್ಘಾಟನೆ ಮಾಡಿ ಆಯ್ತು. ಇನ್ನೇನು ಅಪ್ಪಣೆ? ತೆಗಿಯಯ್ಯ."

ಬೀಗಕ್ಕೆ ತುಕ್ಕು ಹಿಡಿದಿತ್ತು. ವಾಯುವಾ ಅಡುಗೆ ಎಣ್ಣೆ ತಂದು ಬಿಟ್ಟಳು. ಬಾಗಿಲು ತೆರೆದಾಗ ಮಕ್ಕಳು ಒಮ್ಮೆಗೇ ನುಗ್ಗಲಿಲ್ಲ. ಇಷ್ಟು ದಿನ ಗದರಿಸಿ ಗದರಿಸಿ, ಆ ಜಗಲಿ ಹತ್ತಬಾರದೆಂಬುದು ಅವರ ಮೂಳೆಗೇ ಇಳಿದಿತ್ತು. ಮುಂಬುವಾ ಮೊದಲು ಒಳಗೆ ಹೋಗಿ ಒಂದು ಕುರ್ಚಿಯ ಧೂಳನ್ನು ಸೆರಗಿನಂತೆ ಹೊದ್ದ ತನ್ನ ಲೇಸೋ ತುದಿಯಿಂದ ಒರೆಸಿ, ನೆಲದ ಮೇಲಿಟ್ಟು, "ಬನ್ನಿ" ಎಂದಳು. ಹುಡುಗನೊಬ್ಬ ಬಂದು ಕೂತ. ಕೂತವನು ಕೆಳಗೆ ಬಗ್ಗಿ ನೋಡಿ, "ಟೀಚರ್, ನನ್ನ ಕಾಲು ನೆಲಕ್ಕೆ ಮುಟ್ಟತ್ತೆ" ಎಂದ. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ.

ಕಮೇನೆ ಅಜ್ಜಿಯ ಲೇಸೋ ಹಿಂದಿನಿಂದ ಇಣುಕುತ್ತಿದ್ದಳು. ಮುಂಬುವಾ ಅವಳನ್ನು ಚಿಕ್ಕ ಕಕ್ಕಸಿನ ಹತ್ತಿರ ಕರೆದೊಯ್ದು, ಅಭ್ಯಾಸದಂತೆ ಎರಡೂ ಕೈ ಹಿಡಿದು ಬಗ್ಗಿದಳು. ಹುಡುಗಿ ಒಳಗಿನ ಪುಟ್ಟ ತೂತನ್ನು ನೋಡಿದಳು, ತನ್ನ ಪಾದವನ್ನು ಅದರ ಪಕ್ಕ ಇಟ್ಟು ಅಳೆದಳು.

"ಬಿಡಿ ಟೀಚರ್. ನಾನೊಬ್ಬಳೇ ಹೋಗ್ತೀನಿ."

ಮುಂಬುವಾ ಕೈ ಬಿಟ್ಟಳು. ಬಾಗಿಲು ಮುಚ್ಚಿತು. ಒಳಗಿನಿಂದ ಕಮೇನೆ ತನಗೆ ತಾನೇ ಏನೋ ಹಾಡಿಕೊಳ್ಳುವುದು ಕೇಳಿಸಿತು. ಮುಂಬುವಾ ಎಷ್ಟೋ ತಿಂಗಳ ಮೇಲೆ ಸೊಂಟ ನೆಟ್ಟಗೆ ಮಾಡಿ ನಿಂತಳು, ಗೋಡೆಗೆ ಒರಗಿ ಸದ್ದಿಲ್ಲದೆ ಅತ್ತಳು. ಸುಖವಾದ ಅಳು ಅದು. ಹುಡುಗಿ ಹೊರಗೆ ಬಂದು, "ಯಾಕೆ ಟೀಚರ್, ನಿಮಗೂ ಅರ್ಜೆಂಟಾ?" ಎಂದು ಕೇಳಿದಾಗ ಅಳುತ್ತಲೇ ನಕ್ಕುಬಿಟ್ಟಳು.

ಅಷ್ಟರಲ್ಲಿ ಅಂಗಳದಲ್ಲಿ ಮುನ್ಯಾವೋ ತಮ್ಮ ಮೇಲೆ ತಾವೇ ಕಟ್ಟಳೆ ಹಾಕಿಕೊಂಡಿದ್ದರು. ಹಿಂಡಿನಿಂದ ಒಂದು ಕೊಬ್ಬಿದ ಮೇಕೆಯನ್ನು ಅವರೇ ಎಳೆದು ತಂದರು. ರಿಬ್ಬನ್ ತಿಂದ ಹೋತವನ್ನು ಮಾತ್ರ ಕೊಡಲಿಲ್ಲ; "ಮುಖ್ಯ ಅತಿಥಿಯನ್ನ ಯಾರಾದ್ರೂ ಕಡೀತಾರಾ?" ಎಂದರು. ಊರಿನವರು ಆ ಹೋತಕ್ಕೆ ಮಂತ್ರಿ ಎಂದೇ ಹೆಸರಿಟ್ಟರು. ಸುದ್ದಿ ಕೇಳಿ ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ಯಾರೋ ಚಪಾತಿ ಲಟ್ಟಿಸಿದರು, ಯಾರೋ ಸೌದೆ ತಂದರು. ಮಧ್ಯಾಹ್ನದ ಹೊತ್ತಿಗೆ ಸಾರಿನ ಘಮ ಹೊಳೆಯವರೆಗೆ ಹೋಗಿತ್ತು. ಮೂರು ಸಲ ಶಾಮಿಯಾನ ಹಾಕಿಯೂ ಬಾರದ ಹಬ್ಬ ಶಾಮಿಯಾನವಿಲ್ಲದೆಯೇ ಬಂದಿತ್ತು.

ಮುಂಬುವಾ ಎಲ್ಲ ಮಕ್ಕಳ ಕೈ ತೊಳೆಸಿ, ಕೊನೆಗೆ ಜಗಲಿಯ ತುದಿಯಲ್ಲಿ ಒಂದು ಪುಟ್ಟ ಕುರ್ಚಿಯ ಮೇಲೆ ಮಂಡಿ ಮಡಿಚಿ ಕೂತಳು. ಮುನ್ಯಾವೋ ಒಂದು ಬಟ್ಟಲು ಸಾರು ಹಿಡಿದು ಅವಳ ಕಡೆಗೇ ಬರುತ್ತಿದ್ದರು. ಇಡೀ ಬೆಳಿಗ್ಗೆ ಅವರು ಅವಳೊಡನೆ ಒಂದು ಮಾತೂ ಆಡಿರಲಿಲ್ಲ. ಏಳಲು ಹೋದಳು, ಅವರು ಕೂರು ಎಂದು ಕೈ ಮಾಡಿ ಬಟ್ಟಲು ಕೊಟ್ಟರು.

"ರುಚಿ ನೋಡು" ಎಂದರು. "ಉಪ್ಪು ಸರಿಯಾಗಿದೆಯಾ ಹೇಳು. ನಿನಗೆ ಉಪ್ಪಿನ ಹದ ಚೆನ್ನಾಗಿ ಗೊತ್ತು."

ಮುಂಬುವಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. "ಸರಿಯಾಗಿದೆ ಮ್ಝೇ."

"ಹೂಂ." ಅವರು ಪಕ್ಕದ ಇನ್ನೊಂದು ಪುಟ್ಟ ಕುರ್ಚಿಯನ್ನು ಅನುಮಾನದಿಂದ ನೋಡಿ, ಮೆಲ್ಲಗೆ ಅದರ ಮೇಲೆ ಕೂತರು. ಮಂಡಿಗಳು ಗಲ್ಲಕ್ಕೆ ಬಂದವು. ಜೇಬಿನಿಂದ ಆ ಕೆಂಪು ಚೂರನ್ನು ತೆಗೆದು ಅವರು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಇದನ್ನ ಒಲೆಗೆ ಹಾಕು. ಮಂಡಳಿ ಸಭೆಗೆ ಇನ್ನು ಮುಂದೆ ನೀನೂ ಬರ್ಬೇಕು. ನಿನಗೊಂದು ಕುರ್ಚಿ ಹಾಕಿಸ್ತೀನಿ. ಹೇಳೋದನ್ನ ಅಲ್ಲೇ ಹೇಳು. ಇಲ್ದಿದ್ರೆ ನೀನು ಇನ್ಯಾವುದಕ್ಕೆ ಉಪ್ಪು ಸವರ್ತೀಯೋ ಅಂತ ನನ್ನ ಹಿಂಡನ್ನ ನಾನು ಕಾಯ್ಕೊಂಡು ಕೂರಕ್ಕಾಗಲ್ಲ."

"ಆಗ್ಲಿ ಮ್ಝೇ. ಚಹಾ ಎಷ್ಟು ಜನಕ್ಕೆ ತರ್ಲಿ?"

"ನಿನ್ನನ್ನ ಕೂರೋಕೆ ಕರೀತಿರೋದು" ಎಂದರು ಮುನ್ಯಾವೋ, ಕುರ್ಚಿಯಿಂದ ಏಳಲು ಅವಳ ಹೆಗಲಿಗೆ ಕೈ ಊರುತ್ತಾ. "ಚಹಾ ಕ್ಯಾಲೋ ತರ್ತಾನೆ."

ಅವರು ಹೋದ ಮೇಲೆ ಮುಂಬುವಾ ಬಟ್ಟಲನ್ನು ತುಟಿಗೆತ್ತಿದಳು. ಆ ವಾರದಲ್ಲಿ ಮೊದಲ ಸಲ ಅವಳಿಗೆ ಹಸಿವಾಗಿತ್ತು.